ಜೂನ್ ತಿಂಗಳ ಬಾಡಿಗೆ

ಕಾರವಾರದ ಕೋಡಿಬಾಗದಲ್ಲಿ ನಮ್ಮದೊಂದು ಹಳೆ ಮನೆ. ಕೆಳಗೆ ನಾವು, ಮೇಲಿನ ಎರಡು ಕೋಣೆ ಬಾಡಿಗೆಗೆ. ಮೊದಲೆಲ್ಲ ಬಾಯಿಮಾತಿನಲ್ಲೇ ನಡೆಯುತ್ತಿತ್ತು. 2022ರ ಆಗಸ್ಟ್‌ನಲ್ಲಿ ಹೊಸ ಬಾಡಿಗೆದಾರರು ಬಂದಾಗ ಬೆಂಗಳೂರಿನಲ್ಲಿರುವ ಅಳಿಯ ವಾಟ್ಸಾಪ್‌ನಲ್ಲಿ ಒಂದು ಕರಾರಿನ ನಮೂನೆ ಕಳಿಸಿದ. ಹೆಸರು, ವಿಳಾಸ ಬದಲಿಸಿ ಸಹಿ ಹಾಕಿಸಿಕೊಂಡೆ. ತಿಂಗಳಿಗೆ 6,500, ಡಿಪಾಸಿಟ್ 20,000. 5ನೇ ತಾರೀಕಿನೊಳಗೆ ಬಾಡಿಗೆ ಬರಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ದಂಡ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಲ್ಲ, ಹಾಗಾಗಿ ಎಲ್ಲರಂತೆ ನಾನೂ 11 ತಿಂಗಳು ಅಂತಲೇ ಬರೆಸಿದೆ.

ಅವರು ಬೈತಖೋಲ ಬಂದರಿನಲ್ಲಿ ಮೀನು ಹಿಡಿಯುವ ಟ್ರಾಲರ್ ಮೇಲೆ ಹೋಗುವವರು. ಮೇ ತನಕ ಒಂದು ತಿಂಗಳೂ ತಪ್ಪಲಿಲ್ಲ. ಜೂನ್ ಬಂತು, ಬಾಡಿಗೆ ನಿಂತಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿ ಮೀನಿಗಾಗಿ ಸಮುದ್ರಕ್ಕೆ ಇಳಿಯುವಂತಿಲ್ಲ. ಇದು ಕರಾವಳಿಯಲ್ಲಿ ಹುಟ್ಟಿದ ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಕರಾರು ಬರೆಯುವಾಗ ತಲೆಗೇ ಬರಲಿಲ್ಲ, ನೋಡಿ.

ಆಗಸ್ಟ್ ಮೊದಲ ವಾರವೂ ಸಮುದ್ರ ಶಾಂತವಾಗಲಿಲ್ಲ. ಅಷ್ಟರಲ್ಲಿ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿಯುವುದು ಶುರುವಾಗಿತ್ತು, ಸದ್ದಾದರೆ ನಾನು ಹೊರಗೆ ಬರುತ್ತೇನೆಂದು. ಒಂದು ದಿನ ಬಾಗಿಲಲ್ಲೇ ಹಿಡಿದೆ. "ಡಿಪಾಸಿಟ್‌ನಲ್ಲಿ ಹಿಡ್ಕೊಳ್ಳಿ" ಅಂದರು. ಹಿಡಿದರೆ ಉಳಿಯುವುದು 500 ರೂಪಾಯಿ. ಮಳೆಗಾಲ ಕಳೆದ ಮೇಲೆ ಗೋಡೆಗೆ ಬಣ್ಣ ಹೊಡೆಸಲು, ಕರೆಂಟ್ ಬಿಲ್ ಕಟ್ಟಲು ಏನು ಮಾಡೋದು?

ಸಿಟ್ಟಿನಲ್ಲಿ ಆಗಸ್ಟ್ 20ರಂದು ಲೆಕ್ಕಕ್ಕೆ ಕುಳಿತೆ. ಜೂನ್ ಬಾಡಿಗೆಗೆ 76 ದಿನ, ಜುಲೈಗೆ 46, ಆಗಸ್ಟ್‌ಗೆ 15. ಒಟ್ಟು 137 ದಿನ, 13,700 ರೂಪಾಯಿ ದಂಡ. ಬಾಕಿ ಬಾಡಿಗೆಯೇ 19,500. ಆ ಚೀಟಿ ಹಿಡಿದು ವಕೀಲರ ಬಳಿ ಹೋದೆ. ಅವರು ಓದಿ ನಕ್ಕರು.

6,500ರಷ್ಟು ಬಾಡಿಗೆಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲವಂತೆ. ನಮ್ಮಂಥವರಿಗೆ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಅಷ್ಟೇ. ಲೇಟ್ ಫೀಗೆ ಇಷ್ಟೇ ದರ ಎಂದು ಯಾರೂ ನಿಗದಿ ಮಾಡಿಲ್ಲ. ಹಾಗಂತ ಬರೆದದ್ದೆಲ್ಲ ಸಿಗುವುದೂ ಇಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನಾವು ಬರೆದ ದಂಡ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೆಂದು ಕೋರ್ಟ್ ನೋಡುತ್ತದೆ. "6,500ರ ಬಾಡಿಗೆಗೆ ತಿಂಗಳಿಗೆ 3,000 ದಂಡ ಅಂದರೆ ಯಾವ ಜಡ್ಜ್ ಒಪ್ತಾರೆ ಹೇಳಿ?" ಅಂದರು.

ಬೀಗ ಹಾಕಿಬಿಡಲಾ ಎಂದು ಕೇಳಿದೆ. ಅವರು ನಗು ನಿಲ್ಲಿಸಿದರು. ಕೋರ್ಟಿಗೆ ಹೋಗದೆ ನಾನೇ ಹೊರಗೆ ಹಾಕಿದರೆ, ಆರು ತಿಂಗಳೊಳಗೆ ಬಾಡಿಗೆದಾರರು ದಾವೆ ಹೂಡಿ ಮನೆಯ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ಯಾರದ್ದು ಅಂತ ಆ ದಾವೆಯಲ್ಲಿ ನೋಡುವುದೂ ಇಲ್ಲ.

ಕರಾರು ಜೂನ್‌ಗೇ ಮುಗಿದಿತ್ತು, ಹೊಸದು ಬರೆಸಿರಲಿಲ್ಲ. ಅವರನ್ನು ಇರಲು ಬಿಟ್ಟಿದ್ದರಿಂದ ಅದು ತಿಂಗಳ ಲೆಕ್ಕದ ಬಾಡಿಗೆ, ಮನೆ ಬಿಡಿಸಲು 15 ದಿನದ ನೋಟಿಸ್ ಸಾಕು ಎಂದರು ವಕೀಲರು. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆವು. ಒಂದೇ ಮನೆಯ ಮೇಲಿನ ಮಹಡಿಗೆ ರಿಜಿಸ್ಟರ್! ಪೋಸ್ಟ್‌ಮನ್ ನನ್ನ ಮುಖ ನೋಡಿ ಮೇಲೆ ಹತ್ತಿದರು.

ಸೆಪ್ಟೆಂಬರ್‌ನಲ್ಲಿ ದೋಣಿ ನಡೆಯಿತು. ಬಾಕಿ ಮೂರು ಕಂತಿನಲ್ಲಿ ಬಂತು. ಜೊತೆಗೆ ಒಂದು ರಾತ್ರಿ ಫೋನ್‌ಪೇಯಲ್ಲಿ 6,500, "ಅಕ್ಟೋಬರ್ ಬಾಡಿಗೆ" ಅಂತ ಬರೆದು. ವಕೀಲರು ಮೊದಲೇ ಎಚ್ಚರಿಸಿದ್ದರು: ನೋಟಿಸ್ ಅವಧಿ ಮುಗಿದ ನಂತರದ ಬಾಡಿಗೆ ತೆಗೆದುಕೊಂಡರೆ ನೋಟಿಸ್ ಬಿಟ್ಟುಕೊಟ್ಟಂತೆ ಆಗಬಹುದು, ಹಳೆ ಬಾಕಿಯಾದರೆ ತೊಂದರೆ ಇಲ್ಲ. ಮೆಸೇಜ್ ಎರಡು ಸಲ ಓದಿದೆ. ನೋಟಿಸ್ ಬಿದ್ದುಹೋದರೆ ಹೋಗಲಿ ಎಂದು ಸುಮ್ಮನಾದೆ. ಮಳೆಗಾಲ ಬಿಟ್ಟರೆ ಇಷ್ಟು ನಿಯತ್ತಿನ ಬಾಡಿಗೆದಾರರು ಸಿಗುವುದು ಕಷ್ಟ.

ಹೊಸ ಕರಾರು ನಾನೇ ಕೂತು ಬರೆದೆ. ಬಾಡಿಗೆ 10ರೊಳಗೆ. ಜೂನ್, ಜುಲೈಗೆ ಅರ್ಧ, ಅಂದರೆ 3,250. ಉಳಿದ 6,500 ರೂಪಾಯಿ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 1,625ರಂತೆ. ಇದೂ ತಪ್ಪಿದರೆ ತಿಂಗಳಿಗೆ ಒಮ್ಮೆ 200 ರೂಪಾಯಿ, ದಿನದ ಲೆಕ್ಕ ಇಲ್ಲ. ಪ್ರತಿ ಸಲ ರಸೀದಿಯಲ್ಲಿ ಯಾವ ತಿಂಗಳ ಬಾಡಿಗೆ ಅಂತ ಬರೆಯುತ್ತೇನೆ. ಅಳಿಯನಿಗೆ ಹೇಳಿದರೆ "ನಿಮ್ದು ಜಾಸ್ತಿ ಆಯ್ತು ಮಾವ" ಅಂದ.

ಹಳೆಯ 13,700ರಲ್ಲಿ ನಾನು ತೆಗೆದುಕೊಂಡದ್ದು ನೋಟಿಸಿನ ಖರ್ಚು ಮಾತ್ರ. ಅದನ್ನು ಕೊಟ್ಟ ದಿನ ಅವರು ಒಂದು ಚೀಲ ಬಂಗಡೆಯನ್ನೂ ತಂದಿದ್ದರು. ಅದಕ್ಕೂ ರಸೀದಿ ಬರೆದುಕೊಡಿ ಎಂದು ಹೆಂಡತಿ ಒಳಗಿನಿಂದಲೇ ಕೂಗಿದಳು.