ಎಮಿಷನ್ ಟೆಸ್ಟ್‌ಗೆ ಮುನ್ನ ಟ್ಯಾಂಕಿಗೆ ಬಾಟಲಿ ಸುರಿಯಬೇಕಾ?

ಎಮಿಷನ್ ಟೆಸ್ಟ್ ಹತ್ತಿರ ಬಂತೆಂದರೆ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಸಲಹೆಗಳಿಗೇನೂ ಬರವಿಲ್ಲ. ‘ಆ ಬಂಕಲ್ಲಿ ಹಾಕಿಸು, ಹೊಗೆನೇ ಬರಲ್ಲ’ ಅನ್ನುವವರು ಒಬ್ಬರು. ‘ಒಂದು ಬಾಟಲಿ ಅಡಿಟಿವ್ (ಡೀಸೆಲ್ ಜೊತೆ ಬೆರೆಸುವ ದ್ರಾವಣ) ಸುರಿ, ಪಾಸಾಗುತ್ತೆ’ ಅನ್ನುವವರು ಇನ್ನೊಬ್ಬರು. ಎರಡರಲ್ಲೂ ಸತ್ಯವಿದೆ, ಆದರೆ ಸ್ವಲ್ಪವೇ. ಬಾಟಲಿಗೆ ದುಡ್ಡು ಕೊಡುವ ಮೊದಲು ಮಾಡಬೇಕಾದ ಕೆಲಸಗಳು ಬೇರೆ ಇವೆ.

1. ಅಳೆಯುವುದು ಏನನ್ನು?

ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಇಟ್ಟು, ಸೈಲೆನ್ಸರ್ ಪೈಪಿಗೆ ಸ್ಮೋಕ್ ಮೀಟರಿನ ಕೊಳವೆ ತೂರಿಸುತ್ತಾರೆ. ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡುತ್ತಾರೆ. ಹೀಗೆ ಹಲವು ಸಲ. ಮೀಟರಿನೊಳಗಿನ ಬೆಳಕನ್ನು ಹೊಗೆ ಎಷ್ಟು ತಡೆಯಿತು ಅನ್ನುವುದೇ ರೀಡಿಂಗ್. ಬಿಎಸ್-4 (ಭಾರತ್ ಸ್ಟೇಜ್ ಎಂಬ ಮಾಲಿನ್ಯ ಮಾನದಂಡದ ನಾಲ್ಕನೇ ಹಂತ) ಗಾಡಿಗೆ ಮಿತಿ ಮೀಟರಿಗೆ 1.62, ಅದಕ್ಕಿಂತ ಹಳೆಯವಕ್ಕೆ 2.45. ತಡೆದ ಬೆಳಕನ್ನು ನೂರಕ್ಕಿಷ್ಟು ಎಂದು ಹೇಳುವ ಹಾರ್ಟ್ರಿಜ್ ಯೂನಿಟ್ ಲೆಕ್ಕದಲ್ಲಿ ಇವೇ 50 ಮತ್ತು 65. ಅಂದರೆ ಹಳೇ ಗಾಡಿಯ ಹೊಗೆ ಸುಮಾರು 43 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ನೂರಕ್ಕೆ 65 ಪಾಲು ಬೆಳಕನ್ನು ನುಂಗಿದರೂ ಪಾಸು! ಇಷ್ಟು ಸಡಿಲ ಮಿತಿಯನ್ನೂ ದಾಟುವ ಗಾಡಿಯಲ್ಲಿ ತೊಂದರೆ ಇರುವುದು ಹೆಚ್ಚಾಗಿ ಎಂಜಿನ್ನಿನಲ್ಲಿ, ಡೀಸೆಲ್‌ನಲ್ಲಿ ಅಲ್ಲ.

2. ಮೊದಲು ಗಾಳಿ ನೋಡಿ

ಆಕ್ಸಿಲರೇಟರ್ ದಿಢೀರನೆ ಒತ್ತಿದಾಗ ಡೀಸೆಲ್ ತಕ್ಷಣ ನುಗ್ಗುತ್ತದೆ, ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಫ್ಯಾನು) ಕೊಡುವ ಗಾಳಿ ತುಸು ತಡವಾಗಿ ಬರುತ್ತದೆ. ಆ ಗಳಿಗೆಯಲ್ಲಿ ಹುಟ್ಟುವುದೇ ಕಪ್ಪು ಹೊಗೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ಟರ್ಬೊ ಪೈಪು ಎಲ್ಲಾದರೂ ಸೀಳಿದ್ದರೆ, ಸುಟ್ಟ ಹೊಗೆಯಲ್ಲಿ ಒಂದಷ್ಟನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ನಿಂತಿದ್ದರೆ ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ. ಎಂಥಾ ಒಳ್ಳೇ ಡೀಸೆಲ್ ಹಾಕಿದರೂ ಹೊಗೆ ಬಂದೇ ಬರುತ್ತದೆ. ಫಿಲ್ಟರನ್ನು ಬಿಚ್ಚಿ ಬಿಸಿಲಿಗೆ ಹಿಡಿಯಿರಿ. ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಹೊಸದು ಹಾಕಿಸಿ.

ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಅದಕ್ಕೆ ಗ್ಯಾರೇಜೇ ಗತಿ. ಬಾಟಲಿ ಸುರಿದು ಫಲವಿಲ್ಲ.

3. ಡೀಸೆಲ್ ಪರೀಕ್ಷೆ

2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕುಗಳಲ್ಲೂ ಸಿಗುವುದು ಬಿಎಸ್-6 ಡೀಸೆಲ್. ಗಂಧಕ 10 ಪಿಪಿಎಂ (ಹತ್ತು ಲಕ್ಷಕ್ಕೆ 10 ಪಾಲು) ಮೀರುವಂತಿಲ್ಲ, ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ಹೇಳುವ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು. ಹಾಗಾಗಿ ಕಲಬೆರಕೆ ಇಲ್ಲದಿದ್ದರೆ ಈ ಬಂಕಿಗೂ ಆ ಬಂಕಿಗೂ ಹೊಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಅನುಮಾನ ಬಂದರೆ ಬಂಕಿನಲ್ಲೇ ಡೆನ್ಸಿಟಿ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಿ. ಅದು ಗ್ರಾಹಕರ ಹಕ್ಕು, ಸಂಕೋಚ ಬೇಡ.

ನಿಜವಾದ ಕಾಟ ನೀರಿನದ್ದು, ಅದರಲ್ಲೂ ಮಳೆಗಾಲದಲ್ಲಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇದ್ದರೆ ಅದನ್ನು ಸಡಿಲಿಸಿ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸಿಕೊಳ್ಳಿ. ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ ನೀರು ಹೋದರೆ ಟೆಸ್ಟ್ ಫೇಲಾಗುವುದಕ್ಕಿಂತ ದೊಡ್ಡ ಖರ್ಚು ಕಾದಿರುತ್ತದೆ.

ಸೀಮೆಎಣ್ಣೆ ಬೆರೆಸಿದರೆ ಹೊಗೆ ಕಡಿಮೆ ಆಗುತ್ತೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದು ತೆಳು ಇಂಧನವಾದ್ದರಿಂದ ಹೊಗೆ ತುಸು ಇಳಿಯಬಹುದು. ಆದರೆ ಹೈ ಪ್ರೆಷರ್ ಪಂಪಿಗೆ ಜಿಡ್ಡು ಸಿಗುವುದೇ ಡೀಸೆಲ್‌ನಿಂದ. ಆ ಜಿಡ್ಡು ಹೋದರೆ ಪಂಪು ಸವೆಯುತ್ತದೆ. ಮೇಲಾಗಿ ಅದು ಕಾನೂನುಬಾಹಿರ.

4. ಅಡಿಟಿವ್ ಯಾವಾಗ?

ಅಂಗಡಿಯಲ್ಲಿ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸೀಟೇನ್ ಹೆಚ್ಚಿಸುವುದು. ಕಳಪೆ ಡೀಸೆಲ್ ಇದ್ದಾಗ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಅದರ ಉಪಕಾರ ಗೊತ್ತಾಗುತ್ತದೆ. ಟೆಸ್ಟ್ ನಡೆಯುವುದು ಬಿಸಿ ಎಂಜಿನ್ನಿನ ಮೇಲೆ. ಹಾಗಾಗಿ ಅಲ್ಲಿ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ.

ಇನ್ನೊಂದು ಇಂಜೆಕ್ಟರ್ ಕ್ಲೀನರ್. ಇಂಜೆಕ್ಟರಿನ ತೂತುಗಳಲ್ಲಿ ಮಸಿ ಕಟ್ಟಿದ್ದರೆ ಡೀಸೆಲ್ ಮಂಜಿನಂತೆ ಚಿಮ್ಮದೆ ಹನಿಹನಿಯಾಗಿ ಬೀಳುತ್ತದೆ, ಸರಿಯಾಗಿ ಉರಿಯುವುದಿಲ್ಲ. ಇಂಥ ಗಾಡಿಗೆ ಕ್ಲೀನರ್ ಕೆಲಸಕ್ಕೆ ಬರುತ್ತದೆ. ಆದರೆ ಟೆಸ್ಟ್ ಸೆಂಟರಿನ ಗೇಟಿನಲ್ಲಿ ಸುರಿದರೆ ಪ್ರಯೋಜನವಿಲ್ಲ. ಒಂದು ಟ್ಯಾಂಕ್ ಡೀಸೆಲ್ ಆದರೂ ಓಡಿ ಖಾಲಿಯಾಗಬೇಕು. ಇಂಜೆಕ್ಟರ್ ಸವೆದೇ ಹೋಗಿದ್ದರೆ ಯಾವ ದ್ರಾವಣವೂ ಅದನ್ನು ಹೊಸದು ಮಾಡುವುದಿಲ್ಲ. ಬಾಟಲಿ ಮೇಲೆ ‘ನೈಟ್ರೋಜನ್ ಆಕ್ಸೈಡ್ ತಗ್ಗಿಸುತ್ತದೆ’ ಎಂದು ಬರೆದಿದ್ದರೆ ಮನಸ್ಸಿಗೆ ಖುಷಿ ಅಷ್ಟೇ, ಈ ಟೆಸ್ಟ್‌ನಲ್ಲಿ ಅದನ್ನು ಅಳೆಯುವುದೇ ಇಲ್ಲ.

ನನ್ನ ಕೇಳಿದರೆ ಹೊಗೆ ಇಳಿಸುವ ಗುಣ ಇವೆಲ್ಲಕ್ಕಿಂತ ಬಯೋಡೀಸೆಲ್‌ಗೆ ಜಾಸ್ತಿ. ನಮ್ಮ ಹೊಂಗೆ ಎಣ್ಣೆಯಿಂದಲೂ ಅದನ್ನು ಮಾಡುತ್ತಾರೆ, ಹಾಸನದ ಹತ್ತಿರ ಮಡೆನೂರಿನಲ್ಲಿ ಇದಕ್ಕೆಂದೇ ಜೈವಿಕ ಇಂಧನ ಪಾರ್ಕ್ ಇದೆ. ಬಯೋಡೀಸೆಲ್‌ನಲ್ಲೇ ಆಮ್ಲಜನಕ ಸೇರಿರುವುದರಿಂದ ಮಸಿ ಕಡಿಮೆ. ಆದರೆ ಹಳೇ ಟ್ಯಾಂಕಿನ ತಳದ ಗಸಿಯನ್ನೂ ಅದು ಎಬ್ಬಿಸುತ್ತದೆ. ಮೊದಮೊದಲು ಡೀಸೆಲ್ ಫಿಲ್ಟರ್ ಕಟ್ಟಿಕೊಳ್ಳಬಹುದು. ಗಾಡಿ ಕಂಪನಿಯ ಕೈಪಿಡಿ ಒಪ್ಪಿದಷ್ಟೇ ಬೆರೆಸಿ.

5. ಟೆಸ್ಟ್ ದಿನ

ತಣ್ಣಗಿನ ಗಾಡಿಯನ್ನು ಸೀದಾ ಸೆಂಟರಿಗೆ ಒಯ್ಯಬೇಡಿ. ಇಪ್ಪತ್ತು ನಿಮಿಷವಾದರೂ ಹೈವೇಯಲ್ಲಿ ಚೆನ್ನಾಗಿ ಓಡಿಸಿ. ಆಯಿಲ್ ಬಿಸಿಯಾಗುತ್ತದೆ, ಸೈಲೆನ್ಸರಿನಲ್ಲಿ ಕೂತ ಮಸಿ ಹಾರಿಹೋಗುತ್ತದೆ. ದಿನವಿಡೀ ಸಿಟಿ ಟ್ರಾಫಿಕ್‌ನಲ್ಲಿ ತೆವಳುವ ಗಾಡಿಗೆ ಇದೊಂದೇ ಸಾಕಾಗುವುದೂ ಉಂಟು.

ಬಿಎಸ್-6 ಗಾಡಿಯಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಸರಿಯಾಗಿದ್ದರೆ ರೀಡಿಂಗ್ ಸೊನ್ನೆಯ ಹತ್ತಿರವೇ ಇರುತ್ತದೆ. ಹೊಗೆ ಕಣ್ಣಿಗೆ ಕಂಡರೆ ಡಿಪಿಎಫ್ ಒಡೆದಿದೆ, ಇಲ್ಲವೇ ಯಾರೋ ತೆಗೆಸಿದ್ದಾರೆ. ಇನ್ನು ಆಡ್‌ಬ್ಲೂ (ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ) ಡೀಸೆಲ್ ಅಡಿಟಿವ್ ಅಲ್ಲ, ಅದಕ್ಕೆ ಬೇರೆಯೇ ಟ್ಯಾಂಕ್ ಇದೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದರೆ ಸ್ಟಾರ್ಟ್ ಮಾಡಲೇಬೇಡಿ. ಗಾಡಿಯನ್ನು ಎಳೆಸಿಕೊಂಡು ಹೋಗಿ ಟ್ಯಾಂಕ್ ಖಾಲಿ ಮಾಡಿಸಿ.