ರವಿವರ್ಮರ ಒಂದೇ ಚಿತ್ರವನ್ನು ಅರ್ಧ ಗಂಟೆ ನೋಡುವುದು ಹೇಗೆ?

ದಾವಣಗೆರೆಯಿಂದ ರಾತ್ರಿ ರೈಲು ಹತ್ತಿ ಮೈಸೂರಿಗೆ ಹೋಗುವ ನಮ್ಮವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟಗಳೆಲ್ಲ ಮುಗಿದು ಹೊತ್ತು ಮಿಕ್ಕಿದರೆ ಜಗನ್ಮೋಹನ ಅರಮನೆಯ ಜಯಚಾಮರಾಜೇಂದ್ರ ಚಿತ್ರಶಾಲೆಗೂ ಒಂದು ಸುತ್ತು ಹಾಕಿ ಬರುತ್ತಾರೆ. ನಾನೂ ಎರಡು ಸಲ ಹಾಗೆಯೇ ಸುತ್ತಿ ಬಂದು, ಏನು ನೋಡಿದೆ ಎಂದು ಮನೆಯವರು ಕೇಳಿದಾಗ ಉತ್ತರಿಸಲಾಗದೆ ತಡಬಡಿಸಿದ್ದೆ. ಮೂರನೆಯ ಸಲ ಒಂದೇ ಚಿತ್ರವೆಂದು ನಿಶ್ಚಯಿಸಿಕೊಂಡು ಹೋದಾಗ ಅನುಸರಿಸಿದ ಕ್ರಮವಿದು.

ಸಿದ್ಧತೆ ಮನೆಯಲ್ಲೇ ಆಗಬೇಕು. ರಾಜಾ ರವಿವರ್ಮರು (1848–1906) 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಗೋಡೆಗಳಿಗೂ ಬಂದರು. ನಿಮ್ಮ ದೇವರ ಕೋಣೆಯಲ್ಲಿ ಅಂಥದೊಂದು ಪಟವಿದ್ದರೆ ಗಾಜು ಒರೆಸಿ, ಕೆನ್ನೆ, ಬೆರಳು, ಸೀರೆಯ ನಿರಿಗೆಗಳನ್ನು ಗಮನಿಸಿ. ಅಚ್ಚಿನಲ್ಲಿ ಏನೇನು ಕಳೆದುಹೋಗಿದೆ ಎಂಬುದು ಮೂಲವರ್ಣಚಿತ್ರದ ಮುಂದೆ ನಿಂತಾಗ ತಿಳಿಯುತ್ತದೆ.

ನಾನು ಆರಿಸಿಕೊಂಡದ್ದು 1889ರ ‘ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್’. ಬೇರೆ ಬೇರೆ ಪ್ರಾಂತಗಳ ಹನ್ನೊಂದು ಮಂದಿ ಸ್ತ್ರೀಯರು ವಾದ್ಯಗಳೊಂದಿಗೆ ನೆರೆದಿರುವ ಚಿತ್ರ. ಯಾವ ಕೋಣೆಯಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿಕೊಂಡು, ಫಲಕದಲ್ಲಿರುವ ಕಲಾವಿದರ ಹೆಸರು, ಇಸವಿ, ಮಾಧ್ಯಮಗಳನ್ನು ಓದಿಕೊಳ್ಳಿ. ಇದನ್ನು ಉದಾಸೀನ ಮಾಡಬಾರದು. ಇದೇ ಚಿತ್ರಶಾಲೆಯಲ್ಲಿರುವ, ದೀಪಕ್ಕೆ ಕೈ ಅಡ್ಡ ಹಿಡಿದು ನಿಂತ ಯುವತಿಯ ಚಿತ್ರವನ್ನು ರವಿವರ್ಮರದೆಂದೇ ನಂಬಿದವರು ನಮ್ಮೂರಿನಲ್ಲಿ ಎಷ್ಟೋ ಮಂದಿ, ನಾನೂ ಅವರಲ್ಲೊಬ್ಬ. ಅದು ಎಸ್. ಎಲ್. ಹಲ್ದಣಕರ್ ಅವರು 20ನೆಯ ಶತಮಾನದಲ್ಲಿ ರಚಿಸಿದ ಜಲವರ್ಣ ಚಿತ್ರ, ತೈಲವರ್ಣವೂ ಅಲ್ಲ.

ಮೊದಲು ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಬೆಳಕು ಎತ್ತಣಿಂದ ಬರುತ್ತಿದೆ, ಯಾರ ಮುಖ ಬೆಳಗಿದೆ, ಯಾರು ನೆರಳಿನಲ್ಲಿದ್ದಾರೆ ಎಂಬುದನ್ನಷ್ಟೇ ನೋಡಿ. ಬಳಿಕ ಒಬ್ಬೊಬ್ಬರ ದೃಷ್ಟಿಯ ಜಾಡು ಹಿಡಿಯಿರಿ. ವಾದ್ಯಗಳಿದ್ದರೂ ಅಲ್ಲಿ ಕಛೇರಿ ನಡೆಯುತ್ತಿರುವಂತೆ ನನಗೆ ಅನ್ನಿಸಲಿಲ್ಲ. ಮದುವೆಮನೆಯಲ್ಲಿ ಪರಸ್ಪರ ಪರಿಚಯವಿಲ್ಲದ ಬೀಗರನ್ನೆಲ್ಲ ಫೋಟೊಕ್ಕೆಂದು ಒಟ್ಟಿಗೆ ಕೂರಿಸಿದಂತಿದೆ. ಇಡೀ ದೇಶವನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವ ಆಸೆ ಚಿತ್ರಕಾರರಿಗಿತ್ತೆಂದು ಊಹಿಸಿದರೆ ಈ ಬಿಗುವಿಗೆ ಕಾರಣ ಸಿಗುತ್ತದೆ.

ಇನ್ನು ಬಟ್ಟೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಾದ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಅಂಗಡಿಯಲ್ಲಿ ಸೀರೆಯ ಸೆರಗನ್ನು ಬಿಡಿಸಿ ಹಾಕಿದಾಗ ರೇಷ್ಮೆ ಯಾವುದು, ನೂಲು ಯಾವುದು ಎಂದು ಮುಟ್ಟುವ ಮೊದಲೇ ಕಣ್ಣು ಹೇಳುತ್ತದಲ್ಲವೇ, ಅದೇ ಕಣ್ಣಿನಿಂದ ಒಬ್ಬೊಬ್ಬರ ಉಡುಪನ್ನೂ ನೋಡಿ: ಮಡಿಕೆ ಗಡಸಾಗಿ ಮುರಿದಿದೆಯೇ, ಮೆತ್ತಗೆ ಜಾರಿದೆಯೇ? ಈಗ, ಕಟ್ಟಿರುವ ಹಗ್ಗವನ್ನು ದಾಟದೆ ಸಾಧ್ಯವಾದಷ್ಟು ಹತ್ತಿರ ಬನ್ನಿ. ದೂರದಿಂದ ಜರಿಯೆಂದು ಹೊಳೆಯುತ್ತಿದ್ದದ್ದು ಹತ್ತಿರದಲ್ಲಿ ಕಂದು ಬಣ್ಣದ ಮೇಲೆ ಒತ್ತಿದ ಹಳದಿಯ ಚುಕ್ಕೆಗಳಾಗಿ ಒಡೆಯುತ್ತದೆ. ಎರಡು ಹೆಜ್ಜೆ ಹಿಂದೆ ಸರಿದರೆ ಮತ್ತೆ ಜರಿ. ಕೆನ್ನೆಯಲ್ಲಿ ಮಾತ್ರ ಹಾಗೆ ಚುಕ್ಕೆ ಸಿಗುವುದಿಲ್ಲ. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಒಂದು ಬಣ್ಣವನ್ನು ಇನ್ನೊಂದರಲ್ಲಿ ಅಂಚೇ ಕಾಣದಂತೆ ಬೆರೆಸಲು ಕಲಾವಿದರಿಗೆ ಬಿಡುವಿರುತ್ತದೆ. ನಾನು ಹೆಚ್ಚು ಹೊತ್ತು ಕಳೆದದ್ದು ಇಲ್ಲಿಯೇ.

ಒಮ್ಮೆ ಪಕ್ಕಕ್ಕೆ ಸರಿದು ಓರೆಯಾಗಿಯೂ ನೋಡಿ. ಬಣ್ಣದ ಸಣ್ಣ ಬಿರುಕುಗಳಿದ್ದರೆ ಆಗ ಕಾಣುತ್ತವೆ. ಹಳೆಯ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ, ಕಾಣುವ ಬಿಳುಪು ಮೊದಲು ಬಳಿದ ಬಿಳುಪೇ ಎಂದು ತೀರ್ಮಾನಿಸಬೇಡಿ.

ಕೊನೆಗೆ ಚಿತ್ರಕ್ಕೆ ಬೆನ್ನು ಮಾಡಿ ನಿಂತು, ಹನ್ನೊಂದು ಮಂದಿಯನ್ನೂ ನೆನಪಿನಿಂದ ಎಣಿಸಿ, ತಿರುಗಿ ತಾಳೆ ನೋಡಿ. ನನಗೆ ನೆನಪಾದವರು ಏಳೇ ಮಂದಿ. ಉಳಿದವರನ್ನು ಹುಡುಕಲು ಇನ್ನೂ ಹತ್ತು ನಿಮಿಷ ನಿಂತೆ.