ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದಿದ್ದೀರಾ? ನಿಮ್ಮ 17ನೇ ಕ್ಷೇತ್ರದ ಕಥೆ ಕೇಳಿ

ಸ್ಯಾನ್ ಹೋಸೆ ಏರ್‌ಪೋರ್ಟ್‌ನಲ್ಲಿ ಇಳಿದಿದ್ದರೆ ಒಂದು ಹೆಸರು ನಿಮ್ಮ ಕಣ್ಣಿಗೆ ಬಿದ್ದೇ ಬಿದ್ದಿರುತ್ತದೆ. ನಾರ್ಮನ್ ವೈ. ಮಿನೆಟಾ. ಆಗ ನಿದ್ದೆಗಣ್ಣು, ಕೈಯಲ್ಲಿ ಎರಡು ದೊಡ್ಡ ಸೂಟ್‌ಕೇಸು, ಅದರೊಳಗೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಒಡೆದಿದೆಯೋ ಏನೋ ಅನ್ನೋ ಚಿಂತೆ. ಈ ಮಿನೆಟಾ ಯಾರು ಅಂತ ಆಗ ಯಾರು ಯೋಚಿಸುತ್ತಾರೆ?

ಮನೆ ಹುಡುಕೋದು, ಸೋಷಿಯಲ್ ಸೆಕ್ಯುರಿಟಿ ನಂಬರು, ಕಾರು, ಮಕ್ಕಳ ಶಾಲೆ, ಇದನ್ನೆಲ್ಲ ಮೊದಲು ಬಂದವರು ಹೇಳಿಕೊಡುತ್ತಾರೆ. ಅಮೆರಿಕದ ಸಂಸತ್ತಿನ ಯಾವ ಕ್ಷೇತ್ರದಲ್ಲಿ ನಾವಿದ್ದೇವೆ, ಅಲ್ಲಿ ನಮ್ಮ ಪ್ರತಿನಿಧಿ ಯಾರು ಅನ್ನೋದನ್ನು ಮಾತ್ರ ಯಾರೂ ಹೇಳೋದಿಲ್ಲ. "ನಮಗೆ ವೋಟೇ ಇಲ್ವಲ್ಲ, ಅದನ್ನೆಲ್ಲ ಕಟ್ಟಿಕೊಂಡು ಏನು?" ಅಂತ ಅಲ್ಲಿಗೇ ಮಾತು ಮುಗಿಯುತ್ತದೆ. ಈ ಮಾತು ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಅದಕ್ಕೇ ಇಷ್ಟು ಬರೀತಿದ್ದೇನೆ.

ಮೊದಲಿಗೆ, ಇಲ್ಲಿ ಕಾಂಗ್ರೆಸ್ ಅಂದರೆ ಪಕ್ಷ ಅಲ್ಲ, ಸಂಸತ್ತು. ಅದರ ಕೆಳಮನೆಯಲ್ಲಿ 435 ಸೀಟು. ಎರಡೇ ವರ್ಷಕ್ಕೊಮ್ಮೆ ಎಲ್ಲ ಸೀಟಿಗೂ ಚುನಾವಣೆ. ಕ್ಯಾಲಿಫೋರ್ನಿಯಾಗೆ 52 ಸೀಟು. ಒಂದೊಂದು ಕ್ಷೇತ್ರದಲ್ಲಿ ಸುಮಾರು 7 ಲಕ್ಷ 60 ಸಾವಿರ ಜನ. ನಮ್ಮ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ ಮತದಾರರೇ 30 ಲಕ್ಷ ದಾಟುತ್ತಾರೆ ಅನ್ನೋದನ್ನು ನೆನೆಸಿಕೊಂಡರೆ ಇದು ಪುಟ್ಟ ಕ್ಷೇತ್ರ. ಆ 7 ಲಕ್ಷ 60 ಸಾವಿರದ ಲೆಕ್ಕದಲ್ಲಿ ವೋಟು ಇರುವವರಷ್ಟೇ ಅಲ್ಲ, ಇಲ್ಲದವರೂ ಸೇರಿದ್ದಾರೆ. ಹತ್ತು ವರ್ಷಕ್ಕೊಮ್ಮೆ ಆಗುವ ಜನಗಣತಿಯಲ್ಲಿ ವೀಸಾ ಕೇಳೋದಿಲ್ಲ, ಇಲ್ಲಿ ವಾಸ ಇರುವ ಎಲ್ಲರನ್ನೂ ಎಣಿಸುತ್ತಾರೆ. ಆ ಎಣಿಕೆಯ ಮೇಲೆಯೇ ಕ್ಷೇತ್ರದ ಗೆರೆ ಎಳೆಯೋದು. ಎಚ್1ಬಿ ಅನ್ನೋ ಕೆಲಸದ ವೀಸಾ ಮೇಲೆ ಬಂದವರೂ, ಅವರ ಮನೆಯವರಿಗೆ ಸಿಗುವ ಎಚ್4 ಮೇಲೆ ಬಂದವರೂ, ಡೈಪರ್‌ನಲ್ಲಿರುವ ಕೂಸೂ ಅದರಲ್ಲಿ ಒಂದೊಂದು ತಲೆ. ಅಂದಮೇಲೆ ಈ ಸೀಟು ನಿಮ್ಮದೂ ಹೌದು ಅಲ್ವಾ?

ಕ್ಯಾಲಿಫೋರ್ನಿಯಾದ ಆ 52ರಲ್ಲಿ ಒಂದಾದ ನಮ್ಮ 17ನೇ ಕ್ಷೇತ್ರದಲ್ಲಿ ಸನ್ನಿವೇಲ್, ಸಾಂಟಾ ಕ್ಲಾರಾ, ಕ್ಯೂಪರ್ಟಿನೋ, ಮಿಲ್ಪೀಟಸ್, ನ್ಯೂವರ್ಕ್, ಸ್ಯಾನ್ ಹೋಸೆಯ ಉತ್ತರ ಭಾಗ, ಫ್ರೀಮಾಂಟ್‌ನ ದೊಡ್ಡ ಭಾಗ ಬರುತ್ತವೆ. ಅಂದರೆ ಕನ್ನಡದವರು ಮನೆ ಹುಡುಕುವಾಗ ಮೊದಲು ನೋಡುವ ಊರುಗಳೇ. 2022ರ ನಕ್ಷೆಯ ಗೆರೆ ಫ್ರೀಮಾಂಟ್ ಊರನ್ನೇ ಸೀಳಿಕೊಂಡು ಹೋಗುತ್ತದೆ. 2025ರ ನವೆಂಬರ್‌ನಲ್ಲಿ ರಾಜ್ಯದ ಜನ ಪ್ರಾಪೊಸಿಷನ್ 50 ಅನ್ನೋ ಪ್ರಸ್ತಾವಕ್ಕೆ ವೋಟು ಹಾಕಿ, 2026, 2028, 2030ರ ಚುನಾವಣೆಗಳಿಗೆ ಶಾಸಕಾಂಗ ಬರೆದ ಹೊಸ ನಕ್ಷೆಯನ್ನು ಒಪ್ಪಿಕೊಂಡರು. ಹಾಗಾಗಿ ಪಕ್ಕದ ಮನೆಯವರನ್ನು ಕೇಳಿ ಸುಮ್ನೆ ನಂಬಿಕೊಳ್ಳಬೇಡಿ. ಹೌಸ್ ಡಾಟ್ ಗವ್‌ಗೆ ಹೋಗಿ ನಿಮ್ಮ ಪೂರ್ತಿ ವಿಳಾಸ ಹಾಕಿ ನೋಡಿ.

ಈ ನಂಬರಿನ ವಿಚಾರದಲ್ಲಿ ಹೊಸಬರು ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ. 17ನೇ ಕ್ಷೇತ್ರದ ಹಳೇ ಇತಿಹಾಸ ಹುಡುಕಿದರೆ ಮಾಂಟೆರೇ ಸಮುದ್ರತೀರದ ಕಥೆ ಬರುತ್ತದೆ, ಸ್ಯಾಮ್ ಫಾರ್ ಅನ್ನೋರ ಹೆಸರು ಬರುತ್ತದೆ. ತಪ್ಪೇನಿಲ್ಲ, 2013ರ ಶುರುವಿನವರೆಗೆ 17 ಅಂದರೆ ಆ ಕಡೆಯೇ ಆಗಿತ್ತು. ನಮ್ಮ ಈ ಊರುಗಳು ಆಗ 13, 15 ಹೀಗೆ ಬೇರೆ ನಂಬರುಗಳಲ್ಲಿದ್ದವು. ಆದ್ದರಿಂದ ನಂಬರು ಹಿಡಿದು ಹೋಗಬೇಡಿ, ಊರು ಹಿಡಿದು ಹೋಗಿ.

ಊರು ಹಿಡಿದು ಹೋದರೆ ಮೊದಲು ಸಿಗೋದು ಮಿನೆಟಾ. ಹುಟ್ಟಿದ್ದು 1931ರಲ್ಲಿ, ಇದೇ ಸ್ಯಾನ್ ಹೋಸೆಯಲ್ಲಿ. ಅಪ್ಪ ಅಮ್ಮ ಜಪಾನಿನಿಂದ ಬಂದವರು. ಆಗ ಈ ಕಣಿವೆ ತುಂಬಾ ಏಪ್ರಿಕಾಟ್, ಚೆರ್ರಿ, ಪ್ರೂನ್ ತೋಟಗಳು. 1942ರಲ್ಲಿ ಜಪಾನ್ ಜೊತೆಗಿನ ಯುದ್ಧದ ಹೆಸರಲ್ಲಿ ಜಪಾನಿ ಮೂಲದವರನ್ನೆಲ್ಲ ಮನೆ ಬಿಡಿಸಿ ರೈಲು ಹತ್ತಿಸಿದರು. ಅಲ್ಲೇ ಹುಟ್ಟಿದ ಪ್ರಜೆಗಳನ್ನೂ ಬಿಡಲಿಲ್ಲ. ಮಿನೆಟಾಗೆ ಆಗ 10 ವರ್ಷ. ಮೈಮೇಲೆ ಕಬ್ ಸ್ಕೌಟ್ ಯೂನಿಫಾರ್ಮ್, ಕೈಯಲ್ಲಿ ಬೇಸ್‌ಬಾಲ್ ಬ್ಯಾಟು. ಆ ಬ್ಯಾಟನ್ನು ಆಯುಧ ಅಂತ ಸೈನಿಕರು ಕಿತ್ತುಕೊಂಡರು. ನಮ್ಮ ಮನೆಯಲ್ಲೂ ಆ ವಯಸ್ಸಿನ ಹುಡುಗ ಇದ್ದಾನೆ, ಬೀದಿಯಲ್ಲಿ ಕ್ರಿಕೆಟ್ ಬ್ಯಾಟು ಹಿಡಿದುಕೊಂಡೇ ಓಡಾಡುತ್ತಾನೆ. ಆ ಬ್ಯಾಟಿನ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ.

ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರದಲ್ಲಿ ಮುಳ್ಳುತಂತಿಯ ಒಳಗಿದ್ದ ಆ ಹುಡುಗ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆದರು. 1974ರಲ್ಲಿ ಕಾಂಗ್ರೆಸ್ಸಿಗೆ ಗೆದ್ದರು. 1988ರಲ್ಲಿ, ಆ ಶಿಬಿರಗಳಿಗಾಗಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಡಬೇಕು ಅನ್ನೋ ಕಾನೂನು ಆಯಿತು. ಅದರ ಹಿಂದೆ ಅವರ ವರ್ಷಗಟ್ಟಲೆ ದುಡಿಮೆ ಇತ್ತು. 2001ರ ಸೆಪ್ಟೆಂಬರ್ 11ರಂದು ಅವರು ದೇಶದ ಸಾರಿಗೆ ಮಂತ್ರಿ. ವಿಮಾನಗಳನ್ನೆಲ್ಲ ಕೆಳಗಿಳಿಸಲು ಹೇಳಿದ್ದೂ ಅವರೇ, ಅದಾದ ಮೇಲೆ ಮುಖ, ಬಣ್ಣ, ಧರ್ಮ ನೋಡಿ ಪ್ರಯಾಣಿಕರನ್ನು ತಡೆಯಬಾರದು ಅಂತ ಪಟ್ಟು ಹಿಡಿದಿದ್ದೂ ಅವರೇ. ಆಗ ಇಲ್ಲಿದ್ದ ನಮ್ಮ ಹಿರಿಯರನ್ನು ಕೇಳಿ, ಆ ದಿನಗಳಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ಹೇಳುತ್ತಾರೆ.

ಭಾನುವಾರ ಮಕ್ಕಳನ್ನು ಕರೆದುಕೊಂಡು ಹಕ್ಕಿ ನೋಡಲು ಡಂಬಾರ್ಟನ್ ಸೇತುವೆ ಹತ್ತಿರ ಹೋದರೆ ಇನ್ನೊಂದು ಹೆಸರು ಸಿಗುತ್ತದೆ, ಡಾನ್ ಎಡ್ವರ್ಡ್ಸ್. ಆ ಜೌಗುಭೂಮಿ ಅಭಯಾರಣ್ಯಕ್ಕೆ ಅವರದೇ ಹೆಸರು. 1963ರಿಂದ 1995ರವರೆಗೆ, ಸುಮಾರು 32 ವರ್ಷ, ಈ ಭಾಗದಿಂದ ಕಾಂಗ್ರೆಸ್ಸಿನಲ್ಲಿದ್ದವರು. ಅವರು ಹಟ ಹಿಡಿಯದಿದ್ದರೆ ಕೊಲ್ಲಿಯ ಅಂಚಿನವರೆಗೂ ಕಟ್ಟಡಗಳು ಎದ್ದಿರುತ್ತಿದ್ದವು ಅಂತ ನನಗನ್ನಿಸುತ್ತದೆ.

ಮಿನೆಟಾ ನಂತರ ಸ್ವಲ್ಪ ಕಾಲ ರಿಪಬ್ಲಿಕನ್ ಪಕ್ಷದ ಟಾಮ್ ಕ್ಯಾಂಪ್‌ಬೆಲ್ ಇದ್ದರು. 2000ದ ಚುನಾವಣೆಯಲ್ಲಿ ಮೈಕ್ ಹೋಂಡಾ ಗೆದ್ದರು. ಅವರೂ ಜಪಾನಿ ಮೂಲದವರೇ, ಕೂಸಾಗಿದ್ದಾಗ ಕೊಲೊರಾಡೋದ ಶಿಬಿರದಲ್ಲಿದ್ದವರೇ. 2013ರಲ್ಲಿ ನಕ್ಷೆ ಬದಲಾಗಿ ಅವರ ಕ್ಷೇತ್ರ 17 ಆಯಿತು. ಹವಾಯಿ ಬಿಟ್ಟರೆ ಏಷ್ಯಾ ಮೂಲದವರೇ ಅರ್ಧಕ್ಕಿಂತ ಜಾಸ್ತಿ ಇರುವ ದೇಶದ ಮೊದಲ ಕ್ಷೇತ್ರ ಅದು.

ಇಲ್ಲಿಂದ ಮುಂದಿನ ಕಥೆ ಅರ್ಥ ಆಗಬೇಕಾದರೆ ಇಲ್ಲಿನ ಚುನಾವಣೆಯ ರೀತಿ ಗೊತ್ತಿರಬೇಕು. ಮೊದಲು ಪ್ರೈಮರಿ. ಅದರಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಇರುತ್ತಾರೆ. ಅವರಲ್ಲಿ ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಪರವಾಗಿಲ್ಲ. 2010ರಲ್ಲಿ ಜನ ವೋಟು ಹಾಕಿ ತಂದ ಪದ್ಧತಿ ಇದು, ಕಾಂಗ್ರೆಸ್ ಚುನಾವಣೆಗೆ 2012ರಲ್ಲಿ ಮೊದಲ ಸಲ ಬಂತು. ಅದೇ ವರ್ಷ ಪಕ್ಕದ ಕ್ಷೇತ್ರದಲ್ಲಿ, 40 ವರ್ಷ ಕಾಂಗ್ರೆಸ್ಸಿನಲ್ಲಿದ್ದ ಪೀಟ್ ಸ್ಟಾರ್ಕ್ ಅವರನ್ನು ಅವರದೇ ಪಕ್ಷದ ಎರಿಕ್ ಸ್ವಾಲ್‌ವೆಲ್ ಸೋಲಿಸಿದರು.

17ರಲ್ಲಿ 2014ರಲ್ಲಿ ಹೋಂಡಾ ಎದುರು ನಿಂತವರು ರೋ ಖನ್ನಾ. ಇಬ್ಬರೂ ಡೆಮಾಕ್ರಾಟಿಕ್ ಪಕ್ಷದವರು. ಖನ್ನಾ ಅಪ್ಪ ಅಮ್ಮ ಪಂಜಾಬಿನವರು, ತಾಯಿಯ ತಂದೆ ಅಮರನಾಥ ವಿದ್ಯಾಲಂಕಾರ್ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. 2004ರಲ್ಲೇ ಇರಾಕ್ ಯುದ್ಧ ವಿರೋಧಿಸಿ ಬೇರೆ ಕ್ಷೇತ್ರದಲ್ಲಿ ನಿಂತು ಖನ್ನಾ ಸೋತಿದ್ದರು. 2014ರಲ್ಲೂ ಸೋತರು, ಅಂತರ 5 ಸಾವಿರ ವೋಟಿಗಿಂತ ಕಡಿಮೆ. 2016ರಲ್ಲಿ ಅದೇ ಇಬ್ಬರು ಮತ್ತೆ ಎದುರಾದಾಗ ಖನ್ನಾಗೆ ಶೇ. 61ರಷ್ಟು ಬಂತು. ಆಮೇಲೆ 2024ರವರೆಗೂ ಪ್ರತಿ ಸಲ ದೊಡ್ಡ ಅಂತರದಲ್ಲೇ ಗೆದ್ದಿದ್ದಾರೆ. ನನಗೆ ಇಷ್ಟವಾಗೋದು 2014, 2016ರ ಆ ಎರಡು ಚುನಾವಣೆಗಳೇ. ಪಕ್ಷ ಒಂದೇ ಆದಾಗ ಜನ ಚಿಹ್ನೆ ನೋಡಿ ಒತ್ತುವ ಹಾಗಿಲ್ಲ, ಕೂತು ಇಬ್ಬರನ್ನೂ ತೂಗಿ ನೋಡಬೇಕು.

ಭಾರತೀಯರಿಗೆ ಇದೆಲ್ಲ ಸಲೀಸಾಗಿ ಬಂದದ್ದಲ್ಲ. 1946ರ ಕಾನೂನು ಬರುವವರೆಗೆ ನಮ್ಮವರು ಇಲ್ಲಿನ ಪ್ರಜೆಗಳಾಗುವ ಹಾಗೇ ಇರಲಿಲ್ಲ. 1949ರಲ್ಲಿ ಪ್ರಜೆಯಾದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಗೆದ್ದರು, ಭಾರತೀಯರಲ್ಲಿ ಮೊದಲಿಗರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಶಿಗನ್‌ನ 13ನೇ ಕ್ಷೇತ್ರದಿಂದ, ಅಂದರೆ ಡೆಟ್ರಾಯಿಟ್‌ನಿಂದ, ಗೆದ್ದಿದ್ದಾರೆ.

ಈಗ ನಿಮ್ಮ ಕೆಲಸಕ್ಕೆ ಬರುವ ವಿಷಯ. ವೀಸಾದವರಿಗೂ ಗ್ರೀನ್ ಕಾರ್ಡಿನವರಿಗೂ ಕಾಂಗ್ರೆಸ್ ಚುನಾವಣೆಯಲ್ಲಿ ವೋಟಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡ್ರೈವಿಂಗ್ ಲೈಸೆನ್ಸ್‌ಗೆ ಡಿಎಂವಿಗೆ, ಅಂದರೆ ಇಲ್ಲಿನ ವಾಹನ ಇಲಾಖೆಗೆ, ಹೋದಾಗ ಮತದಾರರ ಪಟ್ಟಿಯ ಪ್ರಶ್ನೆಯೂ ಬರುತ್ತದೆ. ಹೋದ ವರ್ಷ ಬಂದ ನಮ್ಮ ಕಡೆಯ ಹುಡುಗನೊಬ್ಬ ಗಡಿಬಿಡಿಯಲ್ಲಿ ಅದಕ್ಕೂ "ಹೌದು" ಒತ್ತಲು ಹೊರಟಿದ್ದ, ಪಕ್ಕದಲ್ಲಿದ್ದ ನಾನು ಕೈ ಹಿಡಿದು ನಿಲ್ಲಿಸಿದೆ. ಪ್ರಜೆ ಅಲ್ಲದವರು ಪ್ರಜೆ ಅಂತ ಹೇಳಿಕೊಂಡರೆ ಮುಂದೆ ಗ್ರೀನ್ ಕಾರ್ಡಿಗೇ ಕುತ್ತು. ನಿಧಾನವಾಗಿ ಓದಿ, ಆಮೇಲೆ ಒತ್ತಿ. ಹಾಗೆಯೇ ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ ಒಂದು ಡಾಲರ್ ಕೂಡ ಕೊಡುವಂತಿಲ್ಲ, ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು.

ಆದರೆ ಪ್ರತಿನಿಧಿಯ ಕಚೇರಿಯ ಸಹಾಯ ಕೇಳಲು ವೋಟು ಬೇಕಿಲ್ಲ, ಕ್ಷೇತ್ರದಲ್ಲಿ ಮನೆ ಇದ್ದರೆ ಸಾಕು. ನನ್ನ ಹೆಂಡತಿಯ ವರ್ಕ್ ಪರ್ಮಿಟ್ ಅರ್ಜಿ ಏಳು ತಿಂಗಳು ಅಲುಗಾಡಲಿಲ್ಲ. ಅವಳು ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಫೋನಿನಲ್ಲಿ ಸ್ಟೇಟಸ್ ನೋಡೋಳು, ಸುಮ್ಮನೆ ಫೋನ್ ಕೆಳಗಿಡೋಳು. ಕೊನೆಗೆ ಕಚೇರಿಗೆ ಬರೆದೆವು. ನಿಮ್ಮ ಪರವಾಗಿ ವಿಚಾರಿಸಲು ಒಪ್ಪಿಗೆ ಕೊಡುವ ಒಂದು ಪುಟದ ಫಾರಂ, ರಸೀದಿ ನಂಬರು, ಏನಾಗಿದೆ ಅಂತ ನಾಲ್ಕು ಸಾಲು. ಇಷ್ಟೇ. ಮೂರನೇ ವಾರ ಉತ್ತರ ಬಂತು. ಇನ್ನೊಂದು ದಾಖಲೆ ಕೇಳಿದ್ದ ಪತ್ರ ನಮ್ಮ ಹಳೇ ಅಪಾರ್ಟ್‌ಮೆಂಟಿನ ವಿಳಾಸಕ್ಕೆ ಹೋಗಿತ್ತು. ಅವರು ಸರತಿ ಮುರಿದು ನಿಮ್ಮನ್ನು ಮುಂದೆ ಹಾಕೋದಿಲ್ಲ, ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಿ ಹೇಳುತ್ತಾರೆ. ಬರೆಯುವಾಗ ಮನೆ ವಿಳಾಸ ಪೂರ್ತಿ ಕೊಡಿ. ಬೇರೆ ಕ್ಷೇತ್ರದವರಾಗಿದ್ದರೆ ಅವರ ಪ್ರತಿನಿಧಿ ಹತ್ತಿರವೇ ಹೋಗಬೇಕಾಗುತ್ತದೆ.

ಪ್ರತಿನಿಧಿ ಜನರ ಪ್ರಶ್ನೆಗೆ ಉತ್ತರ ಕೊಡುವ ಟೌನ್ ಹಾಲ್ ಸಭೆಗಳಿಗೂ ಹೋಗಿ. ಗ್ರೀನ್ ಕಾರ್ಡ್ ಸರತಿಯ ಬಗ್ಗೆ, ಮಕ್ಕಳು 21 ತುಂಬಿದಾಗ ವೀಸಾ ಕಳೆದುಕೊಳ್ಳುವ ಬಗ್ಗೆ ಎದ್ದು ನಿಂತು ಕೇಳಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ.

ಮಕ್ಕಳು ಇಲ್ಲೇ ಹುಟ್ಟಿದ್ದರೆ 16 ತುಂಬಿದ ಮೇಲೆ ಮತದಾರರ ಪಟ್ಟಿಗೆ ಅವರ ಹೆಸರು ಮುಂಗಡವಾಗಿ ಕೊಡಬಹುದು, 18ಕ್ಕೆ ವೋಟು. ಹೆಸರಿದ್ದವರಿಗೆಲ್ಲ ಮತಪತ್ರ ಅಂಚೆಯಲ್ಲೇ ಮನೆಗೆ ಬರುತ್ತದೆ. ನಮ್ಮ ಎದುರು ಮನೆಯಲ್ಲಿ ಹಾಸನದ ಕಡೆಯವರೊಬ್ಬರಿದ್ದಾರೆ, ಬಂದು ಹತ್ತೊಂಬತ್ತು ವರ್ಷ, ಇನ್ನೂ ಗ್ರೀನ್ ಕಾರ್ಡ್ ಸರತಿಯಲ್ಲೇ. ಅವರ ಮಗಳಿಗೆ 2024ರಲ್ಲಿ ಮೊದಲ ಮತಪತ್ರ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು ಅಪ್ಪ ಮಗಳು ಎರಡು ಸಂಜೆ ಕೂತು ಪ್ರತಿ ಹೆಸರನ್ನೂ ಓದಿದರು. ಲೈಬ್ರರಿ ಮುಂದಿನ ಡಬ್ಬಿಗೆ ಹಾಕಲು ಅವಳು ಹೊರಟಾಗ ಅವರು ಬಾಗಿಲಲ್ಲಿ ನಿಂತು ಕೂಗಿದ್ದು ನಮ್ಮ ಮನೆಗೂ ಕೇಳಿಸಿತು: "ಲಕೋಟೆ ಮೇಲೆ ಸಹಿ ಹಾಕಿದ್ಯಾ ಪುಟ್ಟಿ?"